ಅಂಬುಜಮ್ಮ ಕೇಳಿದ ತಿಥಿ

ಹಡಗು ಮದ್ರಾಸಿನ ಬಂದರಿಗೆ ಬಂದು ನಿಂತಾಗ ಕಮಲಾಕರನಿಗೆ ಇಳಿಯುವ ಮನಸ್ಸೇ ಇರಲಿಲ್ಲ. ಡೆಕ್ಕಿನ ಹಲಗೆಯ ಮೇಲೆ ಮಲಗಿ ಮಲಗಿ ಸೊಂಟ ಹಿಡಿದುಕೊಂಡಿತ್ತು. ಐವತ್ತರ ಹತ್ತಿರ ಬಂದ ಗುಮಾಸ್ತನಿಗೆ ಈ ಸಮುದ್ರಯಾನವೆಲ್ಲ ಯಾಕೆ ಬೇಕಿತ್ತು? ಹೆಂಡತಿ ತುಂಗಾ ಹೊರಡುವಾಗಲೇ ರೇಗಿದ್ದಳು. “ಒಂದ್ಸಲ ಆ ದ್ವೀಪಕ್ಕೆ ಹೋಗಿ ಜೀವ ಉಳಿಸ್ಕೊಂಡು ಬಂದಿದ್ದು ಸಾಲ್ದಾ ನಿಮಗೆ? ಸಂಘದೋರು ಕರೆದ್ರೂಂತ ಮತ್ತೆ ಕುಣ್ಕೊಂಡು ಹೊರಟ್ರಲ್ಲ!”

ಅವನು ಕುಣಿದುಕೊಂಡೇನೂ ಹೊರಟಿರಲಿಲ್ಲ. ಮದ್ರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಅವನದೇ ಬೀದಿಯ ಅಂಬುಜಮ್ಮ ಅವನನ್ನು ಕಳಿಸಿದ್ದರು.

ಅಂಬುಜಮ್ಮನ ಹಿರಿಮಗ ಕೃಷ್ಣರಾಜನೂ ಕಮಲಾಕರನೂ ಒಟ್ಟಿಗೆ ಸೈನ್ಯದ ಗುಮಾಸ್ತರಾಗಿ ಸೇರಿದವರು. ಒಟ್ಟಿಗೆ ಮಲಯಕ್ಕೆ ಹೋಗಿ, ಒಟ್ಟಿಗೆ ಜಪಾನೀಯರ ಕೈಗೆ ಸಿಕ್ಕಿಬಿದ್ದವರು. ಪಿನಾಂಗ್ ದ್ವೀಪದಲ್ಲಿ ಇಬ್ಬರನ್ನೂ ಮೂಟೆ ಹೊರಲು ಹಾಕಿದರು. ಜ್ವರ ಹಿಡಿದ ಕೃಷ್ಣರಾಜನನ್ನು ಗುಡ್ಡದಾಚೆಯ ಬೇರೆ ಶಿಬಿರಕ್ಕೆ ಸಾಗಿಸಿದ ಮೇಲೆ ಕಮಲಾಕರ ಅವನ ಮುಖ ನೋಡಲಿಲ್ಲ. ಯುದ್ಧ ಮುಗಿದ ಮೇಲೆ ಸರ್ಕಾರ ತಿಳಿಸಿದ್ದು ಇಷ್ಟೇ: ನಲವತ್ತಮೂರನೇ ಇಸವಿ, ಆಗಸ್ಟಿನಿಂದ ನವೆಂಬರಿನೊಳಗೆ ಯಾವಾಗಲೋ ತೀರಿಕೊಂಡ. ಸರ್ಕಾರಕ್ಕೆ ಅಷ್ಟು ಸಾಕಾಗಿತ್ತು, ಪಂಚಾಂಗಕ್ಕೆ ಸಾಲದು.

ಸತ್ತ ತಿಥಿ ಗೊತ್ತಿಲ್ಲದವನ ಶ್ರಾದ್ಧ ಯಾವತ್ತು ಮಾಡುವುದು? ಪುರೋಹಿತರು ಮಹಾಲಯ ಅಮಾವಾಸ್ಯೆ ಎಂದರು. ಕೃಷ್ಣರಾಜನ ತಮ್ಮ ವಿಶ್ವನಾಥ ವರ್ಷವರ್ಷವೂ ಅಂದೇ ಪಿಂಡ ಇಡುತ್ತ ಬಂದ. ಮುದುಕಿಗೆ ಮಾತ್ರ ಸಮಾಧಾನವಾಗಲಿಲ್ಲ. “ದಿಕ್ಕಿಲ್ದೋರ ಜೊತೆ ನನ್ನ ಮಗನೂ ನಿಂತು ಕೈ ಒಡ್ಡಬೇಕಾ ಕಮಲಾಕರಾ? ಅವನಿಗೇಂತ ಒಂದು ದಿನ ಬೇಡ್ವಾ? ನಾನು ಹೋಗೋದ್ರೊಳಗೆ ತಿಥಿ ಒಂದು ತಿಳ್ಕೊಂಡ್ ಬಾಪ್ಪಾ.”

ಯುದ್ಧದಿಂದ ಬದುಕಿ ಬಂದವರ ಸಂಘ ಪಿನಾಂಗಿನಲ್ಲಿ ನಡೆಸಿದ ಕೂಟದ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಸಮುದ್ರದ ದಂಡೆಯಲ್ಲಿ ಮರದಿಂದ ಕಟ್ಟಿದ ಒಂದು ದೊಡ್ಡ ಸಭಾಂಗಣ, ಸುತ್ತ ತೆಂಗಿನ ಮರ, ಬಣ್ಣದ ಕಾಗದದ ತೋರಣ. ಬ್ಯಾಂಡಿನವರು ಸೆಕೆಗೆ ಬೆವರುತ್ತ ಊದಿದ್ದನ್ನೇ ಊದಿದರು. ಯುದ್ಧದಲ್ಲಿ ಎಲ್ಲಿದ್ದರೋ ಯಾರಿಗೂ ತಿಳಿಯದ ದೊಡ್ಡ ಮನುಷ್ಯರು ತ್ಯಾಗದ ವಿಷಯವಾಗಿ ಉದ್ದುದ್ದ ಮಾತಾಡಿದರು. ನಿಜವಾಗಿ ಅಲ್ಲಿದ್ದವರು ಹಿಂದಿನ ಸಾಲಿನಲ್ಲಿ ತೂಕಡಿಸಿದರು. ಎಲ್ಲರ ಹೊಟ್ಟೆ ಮುಂದೆ ಬಂದಿತ್ತು, ಕೂದಲು ಹಿಂದೆ ಹೋಗಿತ್ತು. ಕಮಲಾಕರ ಒಬ್ಬೊಬ್ಬರ ಹತ್ತಿರವೂ ಹೋಗಿ ಗುಡ್ಡದಾಚೆಯ ಶಿಬಿರದಲ್ಲಿ ಇದ್ದಿರಾ ಎಂದು ಕೇಳಿ ಕೇಳಿ ಸೋತ.

ಕೊನೆಗೆ ಸಿಕ್ಕಿದ್ದು ಲಾರಿ ಓಡಿಸುತ್ತಿದ್ದ ಒಬ್ಬ ಪಂಜಾಬಿ. ಕೃಷ್ಣರಾಜನ ಹೆಸರು ಕೇಳಿದೊಡನೆ ಅವನು ಕೈಯಲ್ಲಿದ್ದ ಶರಬತ್ತಿನ ಲೋಟ ಕೆಳಗಿಟ್ಟ.

“ಮದ್ರಾಸಿ ಬಾಬು! ಅವನ ಅನ್ನ ತಿಂದೇ ನಾನು ಬದುಕಿದ್ದು,” ಎಂದ ಹಿಂದೂಸ್ತಾನಿಯಲ್ಲಿ. “ನಮಗೆ ದಿನಕ್ಕೆ ಒಂದು ಹಿಡಿ ಅನ್ನ. ಪಕ್ಷಕ್ಕೊಂದು ದಿನ ಅವನು ತನ್ನ ಪಾಲನ್ನು ನನಗೆ ಕೊಟ್ಟುಬಿಡುತ್ತಿದ್ದ. ಇವತ್ತು ನನಗೆ ವ್ರತ, ನೀನು ತಿನ್ನು, ಅಂತಿದ್ದ. ಚಂದ್ರನನ್ನು ನೋಡಿ ಬೆರಳಲ್ಲಿ ಲೆಕ್ಕ ಇಟ್ಟಿದ್ದ. ಕಡೆಯ ಸಲ ಮೈ ಕೆಂಡವಾಗಿತ್ತು. ಬೇಡ, ನೀನೇ ತಿನ್ನು ಅಂತ ಕಾಲಿಗೆ ಬಿದ್ದೆ. ಕೇಳಲಿಲ್ಲ. ನಾನು ತಿಂದೆ. ಬೆಳಗಿನ ಜಾವ ಗಂಜಿ ತಗೊಂಡು ಹೋಗಿ ಎಬ್ಬಿಸಿದರೆ ತಣ್ಣಗಾಗಿದ್ದ.” ಅವನು ಕಣ್ಣೊರೆಸಿಕೊಂಡ. “ಜ್ವರವೇ ಕೊಂದಿತೋ, ಆ ಒಂದು ಹಿಡಿ ಅನ್ನ ಇದ್ದಿದ್ದರೆ ಉಳಿಯುತ್ತಿದ್ದನೋ, ದೇವರಿಗೇ ಗೊತ್ತು. ಎರಡು ದಿನ ಕಳೆದು ನಾವು ತೆಂಗಿನ ಚಿಪ್ಪಿನಲ್ಲಿ ದೀಪ ಹಚ್ಚಿದೆವು. ದೀಪಾವಳಿ.”

ಇನ್ನು ಪಂಚಾಂಗ ಬೇಕಿರಲಿಲ್ಲ. ಆಶ್ವಯುಜ ಬಹುಳ ದ್ವಾದಶಿ. ಏಕಾದಶಿಯ ಉಪವಾಸ ಮಾಡಿ, ಅದನ್ನು ಮುರಿಯುವ ಪಾರಣೆಯ ಊಟಕ್ಕೆ ಮೊದಲೇ ಹೋಗಿದ್ದ.

ತಿಳಿದ ಗಳಿಗೆಯಿಂದ ಕಮಲಾಕರನ ಜೀವ ಕುಗ್ಗಿತು. ಯುದ್ಧಕ್ಕೆ ಹೊರಟ ದಿನ ಸೆಂಟ್ರಲ್ ಸ್ಟೇಷನ್ನಿನಲ್ಲಿ ಅಂಬುಜಮ್ಮ ಮಗನ ಕೈ ಹಿಡಿದು ಹೇಳಿದ್ದನ್ನು ಅವನೂ ಪಕ್ಕದಲ್ಲೇ ನಿಂತು ಕೇಳಿದ್ದ. “ಸಂಧ್ಯಾವಂದನೆ ತಪ್ಪಿದ್ರೆ ತಪ್ಪಲಿ. ಏಕಾದಶಿ ಮಾತ್ರ ಬಿಡಬೇಡ. ನನ್ನಾಣೆ.” ಅದನ್ನು ಮೊದಲ ತಿಂಗಳಲ್ಲೇ ಕೈಬಿಟ್ಟವನು ಕಮಲಾಕರ. ಅವನು ಬದುಕಿ ಬಂದಿದ್ದ.

ದ್ವಾದಶಿ ಎಂದರೆ ಆಕೆಗೆ ಎಲ್ಲವೂ ತಿಳಿದುಹೋಗುತ್ತದೆ. ತ್ರಯೋದಶಿ ಎಂದುಬಿಡಲೇ? ಆಗ ಮಗನಿಗೆ ಸಿಗುವುದು ಸುಳ್ಳು ದಿನ. ಹಡಗಿನಲ್ಲಿ ದಿನವೆಲ್ಲ ಇದೇ ಯೋಚನೆ, ಮಾಡಿ ಮಾಡಿ ತಲೆ ಮರಗಟ್ಟಿತ್ತು. ಬಂದರಿನ ಹೋಟೆಲಿನಲ್ಲಿ ಹೊಟ್ಟೆ ತುಂಬ ಇಡ್ಲಿ ತಿಂದು, ಮನೆಗೂ ಹೋಗದೆ, ರಿಕ್ಷಾ ಹತ್ತಿ ನೇರ ಅಂಬುಜಮ್ಮನ ಬಾಗಿಲಿಗೆ ಬಂದ.

“ಪಾಟಿ, ಕಮಲಾಕರ್ ಮಾಮಾ ವಂದಾಚು!” ಎಂದು ಅವನು ಬಂದದ್ದನ್ನು ಅಜ್ಜಿಗೆ ತಮಿಳಿನಲ್ಲಿ ಕೂಗಿ ಹೇಳುತ್ತ ವಿಶ್ವನಾಥನ ಮಗಳು ಒಳಗೆ ಓಡಿದಳು.

ವಿಶ್ವನಾಥ ಹೊರಗೆ ಬಂದು ತಗ್ಗಿದ ದನಿಯಲ್ಲಿ, “ಬನ್ನಿ ಅಣ್ಣಾ. ಇವತ್ತು ಏಕಾದಶಿ, ಅಮ್ಮ ನೀರೂ ಮುಟ್ಟಿಲ್ಲ. ಜಾಸ್ತಿ ಮಾತಾಡಿಸ್ಬೇಡಿ,” ಎಂದ.

ಅಂಬುಜಮ್ಮ ಗೋಡೆಗೆ ಒರಗಿ ಕೂತಿದ್ದರು. ಪ್ರಯಾಣದ ಸುಖದುಃಖ ವಿಚಾರಿಸಲಿಲ್ಲ. “ಸಿಕ್ತಾ?” ಎಂದರು.

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಇಷ್ಟು ವರ್ಷ ಕಾದ ಆ ಮುಖ ನೋಡಿದ ಮೇಲೆ ಹೊರಡಲಿಲ್ಲ.

“ಸಿಕ್ತು ಮಾಮಿ. ಆಶ್ವಯುಜ ಬಹುಳ ದ್ವಾದಶಿ. ಬೆಳಗಿನ ಜಾವ.”

ಮುದುಕಿ ತುಟಿಯಲ್ಲೇ ಅದನ್ನು ಹೇಳಿಕೊಂಡರು. ಆಮೇಲೆ ತಲೆ ಎತ್ತಿ ಕೇಳಿದರು. “ಪಾರಣೆ ಆಗಿತ್ತಾ?”

ಈ ಪ್ರಶ್ನೆಯೊಂದನ್ನು ಅವನು ಎಣಿಸಿಯೇ ಇರಲಿಲ್ಲ. “ಆಗಿತ್ತು ಮಾಮಿ. ಅನ್ನ ಉಂಡೇ ಹೋದ.”

“ಅಷ್ಟು ಹೊತ್ತಿಗೆ ಯಾರು ಬಡಿಸಿದ್ರು?”

“ಒಬ್ಬ ಪಂಜಾಬಿ... ಒಳ್ಳೇ ಮನುಷ್ಯ.”

ಅಂಬುಜಮ್ಮ ಅವನನ್ನೇ ನೋಡಿದರು. ಅವನು ನೆಲ ನೋಡಿದ. ಚಿಕ್ಕಂದಿನಿಂದ ಅವನ ಸುಳ್ಳುಗಳನ್ನೆಲ್ಲ ಕಂಡವರು ಆಕೆ. ಗೋಡೆ ಹಿಡಿದು ಎದ್ದು ತಮ್ಮ ಮಡಿ ಅಡಿಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಅಕ್ಕಿ ತೊಳೆಯುವ ಸದ್ದು ಕೇಳಿತು, ಹೊಗೆ ಬಂತು.

ವಿಶ್ವನಾಥ ಗಾಬರಿಯಿಂದ ಹೊಸ್ತಿಲಿಗೆ ಓಡಿದ. “ಏನ್ ಮಾಡ್ತಿದ್ದೀ ಅಮ್ಮಾ? ಇವತ್ತು ಏಕಾದಶಿ!”

“ಗೊತ್ತು. ನೀನು ಹುಟ್ಟೋಕೆ ಮುಂಚಿನಿಂದ ಗೊತ್ತು. ಆಚೆ ಹೋಗು.”

ಆ ಒಲೆಯ ಮೇಲೆ ಏಕಾದಶಿಯ ದಿನ ಅನ್ನ ಬೆಂದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಬೆಂದ ಮೇಲೆ ಒಳಗಿನಿಂದ ಕರೆ ಬಂತು. “ಕಮಲಾಕರಾ, ಬಾ. ಎಲೆ ಹಾಕಿದೀನಿ.”

“ಮಾಮಿ, ಹಡಗಿನಿಂದ ಇಳಿದು ಸ್ನಾನ ಕೂಡ ಆಗಿಲ್ಲ...”

“ಬಾ ಅಂದೆ.”

ಅವನು ಹೋಗಿ ಎಲೆಯ ಮುಂದೆ ಕೂತ. ಅಂಬುಜಮ್ಮ ಬಿಸಿ ಅನ್ನ ಬಡಿಸಿ, ತುಪ್ಪ ಹಾಕಿ, ಎದುರಿಗೇ ಕೂತರು. ಒಂದು ಹನಿ ನೀರು ಕುಡಿಯದ ಬಾಯಿ ಒಣಗಿ ಬಿರಿದಿತ್ತು. ಕಮಲಾಕರನ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಹೇಗೋ ನುಂಗಿದ. ಆಕೆ ಮತ್ತೆ ಬಡಿಸಿದರು. ಅವನು ಎಲೆಗೆ ಕೈ ಅಡ್ಡ ಇಟ್ಟ.

“ಸಾಕು ಮಾಮಿ.”

“ಬೇಡ ಅನ್ನಬೇಡ,” ಎಂದರು ಅಂಬುಜಮ್ಮ. “ಬೇಡ ಅನ್ನೋದನ್ನ ಅವನಿಗೆ ಕಲಿಸಿದ್ದು ನಾನೇ. ಈಗ ನಾನೇ ಹೇಳ್ತಿದೀನಿ. ಉಣ್ಣು.”

ಕಮಲಾಕರ ಕೈ ತೆಗೆದ.