ಹಾಲವ್ವನ ಜಬಾನಿ

ಅಕ್ಕಿಆಲೂರಿನ ಮಾಸ್ತರರು ಇಂಗ್ಲಿಷಿನ ಭೂತಕಾಲಗಳನ್ನೂ ಕರ್ಮಣಿ ಪ್ರಯೋಗವನ್ನೂ ಬೆತ್ತ ಹಿಡಿದೇ ನನಗೆ ಕಲಿಸಿದರು. ಆಗಿಹೋದ ಕೆಲಸವನ್ನು ಮಾಡಿದವನ ಹೆಸರೆತ್ತದೆ ಹೇಳುವ ವಿದ್ಯೆ ಅದು. ಒಮ್ಮೆ ಮನೆಯಲ್ಲಿ ‘ರೊಟ್ಟಿ ತಿನ್ನಲ್ಪಟ್ಟಿತು’ ಅಂದಾಗ ಅವ್ವ, “ಯಾರು ತಿಂದ್ರೋ, ಬೆಕ್ಕೇನು?” ಎಂದು ನಕ್ಕಿದ್ದಳು. ನಾನು ಅವಳನ್ನು ದಡ್ಡಿ ಅಂದುಕೊಂಡೆ. ಈ ವಿದ್ಯೆಯ ಜೋರಿನಲ್ಲೇ ತಾಲೂಕಿನ ಕಚೇರಿಯೊಂದರಲ್ಲಿ ಹಂಗಾಮಿ ಕಾರಕೂನನೂ ಆದೆ.

ನಲವತ್ತೆರಡರ ದೀಪಾವಳಿ ಮುಗಿದ ವಾರ ಹಂಸಭಾವಿ ಕಡೆಯ ಹಾಲವ್ವ ಬಂದಳು. ಚಳವಳಿಯ ಗದ್ದಲದಲ್ಲಿ ಟೆಲಿಗ್ರಾಫ್ ತಂತಿ ಕಡಿದವನೆಂದು ಅವಳ ಗಂಡ ದ್ಯಾಮಪ್ಪನನ್ನು ಪೊಲೀಸ್ ಫೌಜದಾರ ಚಾವಡಿಗೆ ಎಳೆದೊಯ್ದು ಬಡಿದಿದ್ದ. ಮೂರನೆಯ ದಿನ ಮನೆಗೆ ಹೆಣ ಬಂತು.

“ಫೌಜದಾರನಽ ಬಡದಾನ್ರಿ, ಕಾರಕೂನ್ರ. ನಾ ಬಾಗಲದಾಗ ನಿಂತು ನೋಡೇನಿ. ಅವನ ಹೆಸರು ಸರಕಾರಿ ಕಾಗದದಾಗ ಬರಬೇಕು. ನನಗ ಬ್ಯಾರೆ ಏನೂ ಬ್ಯಾಡ.”

ಜಬಾನಿ, ಅಂದರೆ ಅವಳ ಹೇಳಿಕೆ, ಇಂಗ್ಲಿಷಿನಲ್ಲಿ ಇರಬೇಕಿತ್ತು. ಹೊರಗೆ ಪಡಸಾಲೆಯಲ್ಲಿ ಫೌಜದಾರ ಬೀಡಿ ಸೇದುತ್ತ ಕೂತಿದ್ದ. ಹೀಗೆ ಬರಿ ಎಂದು ಅವನು ಹೇಳಲಿಲ್ಲ, ಯಾರೂ ಹೇಳಲಿಲ್ಲ. ನನ್ನ ನೌಕರಿ ಕಾಯಂ ಆಗುವ ಕಾಗದ ಮೇಲಿನವರ ಬಳಿ ಹೋಗಿತ್ತು, ಅಷ್ಟೇ. ‘ಹಿ ವಾಜ್ ಬೀಟನ್’ ಎಂದು ಬರೆದೆ. ಅವನು ಹೊಡೆಯಲ್ಪಟ್ಟನು. ಯಾರಿಂದ ಎಂಬುದನ್ನು ಬಿಟ್ಟರೂ ಆ ಭಾಷೆಯಲ್ಲಿ ವಾಕ್ಯ ಪೂರ್ತಿಯಾಗುತ್ತದೆ, ಮಾಸ್ತರರೂ ಪೂರ್ತಿ ಅಂಕ ಕೊಡುತ್ತಾರೆ.

ಹೆಬ್ಬೆಟ್ಟು ಒತ್ತಿಸುವ ಮೊದಲು ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬ ಪದ್ಧತಿ ಇತ್ತು. ನಾನು ಓದಿದೆ. ಆ ಇಂಗ್ಲಿಷ್ ಸಾಲಿನ ಮೇಲೆ ಬೆರಳಿಟ್ಟು, ‘ಫೌಜದಾರನು ನನ್ನ ಗಂಡನನ್ನು ಹೊಡೆದು ಕೊಂದನು’ ಎಂದು ಮೆಲ್ಲಗೆ, ಪಡಸಾಲೆಗೆ ಕೇಳದಂತೆ ಓದಿದೆ. ಅವಳು ಕಣ್ಣೊರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು.

ಹದಿನೈದು ದಿನದ ಮೇಲೆ ಚೌಕಾಶಿಗೆ, ಅಂದರೆ ಆ ಸಾವಿನ ವಿಚಾರಣೆಗೆ, ದೊಡ್ಡ ಸಾಹೇಬ ಬಂದ. ಹೊಸಬ, ಕನ್ನಡ ಬಾರದು. ಅವನಿಗೆ ದುಭಾಷಿಯೂ ನಾನೇ. ಯಾರು ಹೊಡೆದರು ಎಂದು ಅವನು ನನ್ನಿಂದ ಕೇಳಿಸಿದಾಗ ಹಾಲವ್ವ ಗೋಡೆಗೆ ನಿಂತಿದ್ದ ಫೌಜದಾರನ ಕಡೆ ಬೆರಳು ಮಾಡಿದಳು. ಬೆರಳಿಗೆ ದುಭಾಷಿ ಬೇಕಿರಲಿಲ್ಲ. ಸಾಹೇಬ ಕಾಗದ ನೋಡಿ, ಇದನ್ನು ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ.

“ಹೇಳೇನಲ್ರಿ! ನೀವ ಓದಿ ತೋರ್ಸಿದ್ರಿ. ಅವ್ರಿಗೆ ಹೇಳ್ರಿ, ಕಾರಕೂನ್ರ.”

ಕೋಣೆಯಲ್ಲಿದ್ದವರೆಲ್ಲ ನನ್ನ ಬಾಯಿ ನೋಡಿದರು. ನಿಜ ಹೇಳಿದರೆ ನೌಕರಿ ಹೋಗುತ್ತಿತ್ತು, ಬಹುಶಃ ಜೈಲೂ ಆಗುತ್ತಿತ್ತು. ಆ ಹೆದರಿಕೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಸಾಹೇಬನ ಕಡೆ ತಿರುಗಿ, ‘ದಿ ನೇಮ್ ಹ್ಯಾಜ್ ಬೀನ್ ಟಾಟ್ ಟು ಹರ್’ ಅಂದೆ. ಹೆಸರು ಅವಳಿಗೆ ಹೇಳಿಕೊಡಲ್ಪಟ್ಟಿದೆ. ಹೇಳಿಕೊಟ್ಟವರು ಯಾರು ಎಂದು ಅವನು ಕೇಳಲಿಲ್ಲ. ಫೈಲು ಮುಚ್ಚಿದ.

ಹೊರಗೆ ಮೆಟ್ಟಿಲ ಬಳಿ ಹಾಲವ್ವ ನನಗಾಗಿ ಕಾದಿದ್ದಳು. ಬೈಯಲಿ, ಉಗುಳಲಿ ಎಂದುಕೊಂಡೇ ಹೋದೆ. ಅವಳು ಎರಡೂ ಕೈ ಮುಗಿದಳು.

“ಸಾಹೇಬ ಕೇಳಲಿಲ್ಲ, ಅದಕ್ಕ ನೀವೇನ್ ಮಾಡ್ತೀರಿ? ಅಷ್ಟು ಮಂದ್ಯಾಗ ನೀವೊಬ್ರ ಇದ್ದದ್ದು ಇದ್ದಂಗ ಹೇಳಿದ್ರಿ. ನಿಮ್ಮ ಹೊಟ್ಟಿ ತಣ್ಣಗಿರಲಿ.”

ನಾನು ಹೌದೆಂಬಂತೆ ತಲೆಯಾಡಿಸಿ ಆ ಹಾರೈಕೆಯನ್ನೂ ತೆಗೆದುಕೊಂಡೆ.