ತಾರೀಕು ಬಿಟ್ಟ ಕಾಗದ

ಉಗುರಿನ ಸಂದಿಯ ಅಂಟು ಬಿಡುತ್ತಲೇ ಇರಲಿಲ್ಲ. ಸೋದರತ್ತೆ ಬಟ್ಟೆಗೆ ಸೀಮೆಎಣ್ಣೆ ಮುಟ್ಟಿಸಿ, ಸತ್ತ ತಮ್ಮನ ಬೆರಳುಗಳನ್ನು ಒಂದೊಂದಾಗಿ ಹಿಡಿದು ತಿಕ್ಕುತ್ತಿದ್ದಳು.

“ಬಿಡತ್ತೆ, ಚರ್ಮ ಕಿತ್ತು ಬರುತ್ತೆ,” ಎಂದಳು ಮಗಳು.

“ಇಪ್ಪತ್ತೆರಡು ವರ್ಷದಿಂದ ಇವನ ಕೈ ಸ್ವಚ್ಛ ಇದ್ದಿದ್ದು ನೋಡಿಲ್ಲ ಕಣೇ ನಾನು. ಇವತ್ತಾದ್ರೂ ಚೊಕ್ಕಟವಾಗಿ ಹೋಗ್ಲಿ.”

ಶೂ ಕಾರ್ಖಾನೆಯಲ್ಲಿ ಅಟ್ಟೆಗೆ ಅಂಟು ಬಳಿಯುವ ಮೇಜು ಅಪ್ಪನದು. ಅಂಟಿನ ಘಾಟು ಅಷ್ಟೂ ವರ್ಷ ಅವನ ಎದೆಯೊಳಗೆ ಇಳಿದಿತ್ತು. ಮೊನ್ನೆ ಸಂಜೆ ಪಾಳಿ ಮುಗಿಸಿ ಬಂದವನು ಮೆಟ್ಟಿಲ ಮೇಲೆ ಕೂತ, ಉಸಿರೆಳೆಯಲು ನೋಡಿದ, ಆಗಲಿಲ್ಲ. ಕಾರ್ಖಾನೆಯಲ್ಲಿ ಅವನಿಗೆ ಹೂಂಗುಟ್ಟಪ್ಪ ಎಂದೇ ಹೆಸರು. ಭಾನುವಾರವೂ ಬಾ ಎಂದರೆ ಹೂಂ. ಕಕ್ಕಸಿಗೆ ಆಮೇಲೆ ಹೋಗು ಎಂದರೆ ಅದಕ್ಕೂ ಹೂಂ.

ಬೀದಿಯಲ್ಲಿ ಕಂಪನಿಯ ವ್ಯಾನು ಬಂದು ನಿಂತಿತು. ಕಾರ್ಖಾನೆಯ ಹತ್ತು ಜನ ಇಳಿದರು. ಎಲ್ಲರ ಮೈಮೇಲೂ ಮಡಿಕೆಯ ಗೆರೆ ಇನ್ನೂ ಹೋಗದ ಹಸಿರು ಅಂಗಿ. ಅವರ ಹಿಂದೆ ಫೈಲ್ ಸಾಹೇಬ. ಕಾರ್ಮಿಕ ಕಾಯಿದೆ ಕೇಳುವ ಕಾಗದಗಳನ್ನೆಲ್ಲ ಹೊಂದಿಸಿಡುವುದು ಅವನ ಕೆಲಸ. ಕಾಯಿದೆ ಹೇಳಿದ್ದು ನಡೆಯಲಿ ಬಿಡಲಿ, ನಡೆದಿದೆ ಎನ್ನುವ ಕಾಗದವಂತೂ ಅವನ ಹತ್ತಿರ ಇದ್ದೇ ಇರುತ್ತಿತ್ತು.

ಡ್ರೈವರ್ ಮೊಬೈಲ್ ಎತ್ತಿ ಹಿಡಿದ. “ಸ್ವಲ್ಪ ಒತ್ತಾಗಿ ನಿಂತ್ಕೊಳಿ, ಎಲ್ರೂ ಬರ್ಬೇಕು.”

“ಮದುವೆ ಮನೆ ಅನ್ಕೊಂಡಿದಾನಾ ಇವ್ನು?” ಅತ್ತೆ ಗೊಣಗಿದಳು.

ಹೋದ ವರ್ಷ ಕಟಿಂಗ್ ವಿಭಾಗದ ಮುದುಕ ತೀರಿಕೊಂಡಾಗ ಕಂಪನಿಯಿಂದ ಒಂದು ಸೈಕಲ್ಲೂ ಬಂದಿರಲಿಲ್ಲ. ಇವತ್ತು ವ್ಯಾನು, ಅಂಗಿ, ಫೋಟೊ. ಮಗಳಿಗೆ ಮೈಯೆಲ್ಲ ಉರಿಯಿತು. ಇವರಿಗೆ ಏನೋ ಬೇಕಾಗಿದೆ.

ಬೇಕಾಗಿದ್ದು ಹೊರಗೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಫೈಲ್ ಸಾಹೇಬ ಅವ್ವನ ಎದುರು ಕುಕ್ಕರಗಾಲಲ್ಲಿ ಕೂತ. “ಧೈರ್ಯ ತಂದ್ಕೊಳಿ ಅಮ್ಮಾ. ಇಲ್ಲೊಂದು ಸಹಿ ಬೇಕಿತ್ತು. ಏನಿಲ್ಲ, ಸುಮ್ನೆ.”

“ಸುಮ್ನೆ ಯಾರು ಸಹಿ ಕೇಳ್ತಾರೆ?” ಎಂದಳು ಮಗಳು.

“ನೀನು ನಮ್ಮ ಪ್ಯಾಕಿಂಗ್ ಹುಡುಗಿ ಅಲ್ವಾ? ಇದು ದೊಡ್ಡವರ ಮಾತಮ್ಮ. ಹೋಗು, ಅವರಿಗೆಲ್ಲ ನೀರು ಕೊಡು.”

ಅವಳು ನೀರು ಕೊಡಲಿಲ್ಲ, ಅವನ ಕೈಯಿಂದ ಕಾಗದ ತೆಗೆದುಕೊಂಡಳು. ಎರಡು ಹಾಳೆ. ‘ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ’ ಎನ್ನುವ ಮೊದಲ ಹಾಳೆಯ ಕೆಳಗೆ ಅಪ್ಪನ ಸೊಟ್ಟ ಸಹಿ, ಮಸಿ ಕಂದಿಹೋಗಿದೆ. ಪಕ್ಕದಲ್ಲಿ ಈ ತಿಂಗಳ ಎರಡನೇ ತಾರೀಕು, ಅದರ ಮಸಿ ಮಾತ್ರ ಫಳಫಳ. ಇನ್ನೊಂದು ಹಾಳೆ ಅವ್ವನ ಹೆಸರಲ್ಲಿತ್ತು: ನನ್ನ ಗಂಡ ಎರಡನೇ ತಾರೀಕಿನಿಂದ ಮನೆಯಲ್ಲೇ ಇದ್ದರು. ಕೆಲಸದಲ್ಲಿದ್ದವನು ಸತ್ತರೆ ಕಂಪನಿ ಪರಿಹಾರ ಕೊಡಬೇಕು, ಬಿಟ್ಟವನಿಗೆ ಕೊಡಬೇಕಿಲ್ಲ.

“ಅಪ್ಪ ಮೊನ್ನೆ ತನಕ ಕೆಲಸಕ್ಕೆ ಬಂದಿದಾರೆ!”

“ಬರ್ತಿದ್ರು. ಅಭ್ಯಾಸ ನೋಡು, ಕಾಲು ಆ ಕಡೆಗೇ ಎಳೆಯುತ್ತೆ. ಗೆಳೆಯರನ್ನ ಮಾತಾಡಿಸೋಕೆ ಬರ್ತಿದ್ರು.” ಅವನು ಅವ್ವನ ಕಡೆ ತಿರುಗಿದ. ದನಿ ಇನ್ನಷ್ಟು ಮೆತ್ತಗಾಯಿತು. “ನಿಮ್ಮ ಮಗಳ ಕಾಗದಾನೂ ನನ್ನ ಬೀರೂನಲ್ಲೇ ಇದೆ ಅಮ್ಮಾ. ಜೋಪಾನವಾಗಿದೆ.”

ಅವ್ವನ ಕೈ ಪೆನ್ನಿನತ್ತ ಹೋಯಿತು. ಮಗಳು ಎರಡೂ ಹಾಳೆಗಳನ್ನು ಹಿಂದಕ್ಕೆ ಎಳೆದುಕೊಂಡಳು.

“ಮೊದ್ಲು ಮಣ್ಣಾಗ್ಲಿ. ಆಮೇಲೆ ನೋಡೋಣ.”

ಫೈಲ್ ಸಾಹೇಬ ಸುತ್ತ ಕಣ್ಣಾಡಿಸಿದ. ಬೀದಿಯ ಜನವೆಲ್ಲ ನೋಡುತ್ತಿತ್ತು. “ಆಗ್ಲಮ್ಮ, ಅವಸರ ಏನಿದೆ,” ಎಂದು ನಕ್ಕ.

* * *

ಇದೇ ತಿಂಗಳ ಹನ್ನೊಂದನೇ ತಾರೀಕು ಕಾರ್ಖಾನೆಯಲ್ಲಿ ತಪಾಸಣೆ ಇತ್ತು. ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರಮ್ಮ ಬರುತ್ತಾರೆಂದು ಮೂರು ದಿನ ಮೊದಲೇ ಗೊತ್ತಾಗಿ, ಮೊಳೆ ಹೊಡೆದಿದ್ದ ಕಿಟಕಿಗಳು ತೆರೆದುಕೊಂಡಿದ್ದವು. ಬೆಳಗ್ಗೆ ಎಲ್ಲರಿಗೂ ಮಾಸ್ಕ್ ಹಂಚಿದರು. ಸಂಜೆ ಗೇಟಿನಲ್ಲಿ ವಾಪಸ್ ಇಸಿದುಕೊಂಡರು.

ರಟ್ಟಿನ ಪೆಟ್ಟಿಗೆ ಹೊತ್ತು ಹೋಗುವಾಗ ಮಗಳ ಕಿವಿಗೆ ಅಪ್ಪನ ದನಿ ಬಿದ್ದಿತ್ತು. “ದಿನಾ ಕೊಡ್ತಾರೆ ಮೇಡಂ. ಹೂಂ, ಎಂಟೇ ಗಂಟೆ ಕೆಲಸ.” ನಡುವೆ ಕೆಮ್ಮು. ಇನ್ಸ್‌ಪೆಕ್ಟರಮ್ಮ ತಮ್ಮ ಪುಸ್ತಕದಲ್ಲಿ ಎಲ್ಲ ಬರೆದುಕೊಂಡು ಅಪ್ಪನ ಸಹಿ ಹಾಕಿಸಿಕೊಂಡರು.

ಮನೆಗೆ ನಡೆಯುವ ದಾರಿಯಲ್ಲಿ ಅವಳು ಸಿಡಿದಳು. “ನಾಚಿಕೆ ಆಗಲ್ವಾ ನಿಂಗೆ? ಕೇಳೋಕೆ ಅಂತ ಒಬ್ರು ಬಂದ್ರೆ, ಅವರ ಕಣ್ಣಿಗೂ ಮಣ್ಣೆರಚಿದ್ಯಲ್ಲ. ನೀನು ಫೈಲ್ ಸಾಹೇಬನ ಚೇಲಾ ಅಂತಾರೆ ಜನ. ನಿಜ ಇರ್ಬೇಕು!”

ಅಪ್ಪ ಲೈಟು ಕಂಬಕ್ಕೆ ಒರಗಿ ಉಸಿರು ಹಿಡಿದುಕೊಂಡ. “ಸೇರೋ ದಿನ ನಿನ್ನ ಹತ್ರ ಒಂದು ಕಾಗದಕ್ಕೆ ಸಹಿ ಹಾಕಿಸ್ಕೊಂಡ್ರಲ್ಲ, ತಾರೀಕು ಬರೀದೆ?”

“ಅದು ಎಲ್ರೂ ಹಾಕ್ತಾರೆ. ಕೆಲಸ ಬಿಡೋ ಕಾಗದ.”

“ಅದೇ. ನಾನು ಹೂಂ ಅಂತಿರೋ ತನಕ ನಿಂದ್ರಲ್ಲಿ ತಾರೀಕು ಬೀಳಲ್ಲ.”

ಅವಳು ನಂಬಲಿಲ್ಲ. ಹೇಡಿಗೆ ಒಂದು ನೆವ ಬೇಕು ಎಂದುಕೊಂಡಳು. ಅವತ್ತಿನಿಂದ ಅಪ್ಪನ ಜೊತೆ ಮಾತು ಬಿಟ್ಟಳು. ಹದಿನೈದು ದಿನ. ಊಟಕ್ಕೆ ಕರೆಯಬೇಕಾದರೂ “ಅವ್ವಾ, ಅವರಿಗೆ ಹೇಳು” ಎನ್ನುತ್ತಿದ್ದಳು.

* * *

ಗುಂಡಿಗೆ ಅಪ್ಪನ ಶವಪೆಟ್ಟಿಗೆ ಇಳಿಯಿತು. ಹಸಿರು ಅಂಗಿಯವರು ಸರದಿಯ ಮೇಲೆ ಸಲಿಕೆ ಹಿಡಿದರು. ಅಪ್ಪನ ಪಕ್ಕದ ಮೇಜಿನಲ್ಲಿ ಅಚ್ಚು ಒತ್ತುತ್ತಿದ್ದ ಮಾಮ ತನ್ನ ಸರದಿ ಮುಗಿಸಿ ಬಂದು ಅವಳ ಹತ್ತಿರ ನಿಂತ.

“ಒಂದಿನ ರಜ ಹಾಕ್ದೋನಲ್ಲ ನಿಮ್ಮಪ್ಪ. ತಪಾಸಣೆ ದಿನ ಮೈ ಕೆಂಡ ಆಗಿತ್ತು ಜ್ವರಕ್ಕೆ. ಮಲಕ್ಕೊಳೋ ಅಂದೆ. ಫೈಲ್ ಸಾಹೇಬ ಬಿಡ್ಬೇಕಲ್ಲ. ತಾನೇ ರಟ್ಟೆ ಹಿಡ್ಕೊಂಡು ಹೋಗಿ ಕುರ್ಚೀಲಿ ಕೂರಿಸ್ದ.”

ಅವಳು ಈ ಮಾತನ್ನೂ ಅನುಮಾನದಿಂದಲೇ ಕೇಳಿದಳು. ಇವನೂ ಅದೇ ವ್ಯಾನಿನಲ್ಲಿ ಬಂದವನು. ಆಮೇಲೆ ಕೈಯಲ್ಲಿದ್ದ ಕಾಗದ ಬಿಡಿಸಿದಳು. ಎರಡನೇ ತಾರೀಕು. ಆ ಅಂಕಿಯ ಮೇಲೆ ಬೆರಳಿಟ್ಟಳು.

“ಮಾಮ, ಅಪ್ಪ ಸಹಿ ಹಾಕಿದ್ನಲ್ಲ, ಆ ಪುಸ್ತಕ ಈಗ ಎಲ್ಲಿದೆ?”

“ಇನ್ಸ್‌ಪೆಕ್ಟರಮ್ಮಂದು. ಅವರೇ ತಗೊಂಡು ಹೋದ್ರು.”

ಅಷ್ಟರಲ್ಲಿ ಗುಂಡಿ ತುಂಬಿತ್ತು. ಫೈಲ್ ಸಾಹೇಬ ಪೆನ್ನಿನ ಮುಚ್ಚಳ ತೆಗೆಯುತ್ತಾ ಬಂದ. “ಮಣ್ಣಾಯ್ತಲ್ಲ ಅಮ್ಮಾ.”

ಮಗಳು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು: “ಸಾಹೇಬ್ರೇ, ಎರಡಕ್ಕೆ ಕೆಲಸ ಬಿಟ್ಟೋರನ್ನ ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಮುಂದೆ ಕೂರಿಸಿದ್ದು ಯಾರು?”

ಅವನ ಮುಖದ ನಗು ಅಲ್ಲೇ ಉಳಿಯಿತು, ಒಳಗೆ ಏನೋ ಲೆಕ್ಕ ತಪ್ಪಿತು. ಎಲ್ಲ ಕಾಗದ ನೆನಪಿಟ್ಟುಕೊಳ್ಳುವವನು ತಾನೇ ಕೂರಿಸಿದ ಮನುಷ್ಯನನ್ನು ಮರೆತಿದ್ದ.

“ಆ ಕಾಗದ ಇತ್ಲಾಗ್ ಕೊಡು.”

ಕೈ ಚಾಚಿದ್ದು ಅವ್ವ. ಮಗಳ ಕೈಯಿಂದ ಎರಡೂ ಹಾಳೆ ತೆಗೆದುಕೊಂಡು, ಸಣ್ಣದಾಗಿ ಮಡಿಚಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಅತ್ತೂ ಅತ್ತೂ ಕಣ್ಣು ಮಂಜಾಗಿದೆ ಸ್ವಾಮಿ. ಆ ಇನ್ಸ್‌ಪೆಕ್ಟರಮ್ಮನ ಹತ್ರ ಓದಿಸ್ಕೊಂಡು ಆಮೇಲೆ ಹಾಕ್ತೀನಿ.”

“ಮಗಳ ಕೆಲಸ?”

“ಅವಳ ಕಾಗದಾನೂ ಕಳ್ಸಿ. ಅದನ್ನೂ ಓದ್ಲಿ.”

ಫೈಲ್ ಸಾಹೇಬ ಅವಳನ್ನು ಬಿಟ್ಟು ಹತ್ತು ಜನರ ಕಡೆ ತಿರುಗಿದ. “ಹನ್ನೊಂದಕ್ಕೆ ಇವನು ಕಾರ್ಖಾನೇಲಿ ಇದ್ನಾ? ಇರ್ಲಿಲ್ಲ ಅನ್ನೋರೆಲ್ಲ ವ್ಯಾನ್ ಹತ್ತಿ.”

ಹೇಳಿ, ತಾನೇ ಮೊದಲು ಹೋಗಿ ಹತ್ತಿ ಕೂತ.

ಮಗಳು ಒಂದೊಂದೇ ಮುಖ ನೋಡುತ್ತಾ ಹೋದಳು. ಒಂದು ಕಣ್ಣೂ ಅವಳ ಕಣ್ಣಿಗೆ ಸಿಗಲಿಲ್ಲ. ಡ್ರೈವರ್ ಹಾರನ್ ಒತ್ತಿದ. ಮಾಮ ಬಗ್ಗಿ ಸಲಿಕೆ ಎತ್ತಿಕೊಂಡ, ತುಂಬಿದ ಗುಂಡಿಯ ಮೇಲೆ ಇನ್ನೊಂದು ಬೊಗಸೆಯಷ್ಟು ಮಣ್ಣು ಹಾಕಿದ. ಅವನ ಪಕ್ಕದವನು ಇನ್ನೊಂದಿಷ್ಟು ಎಳೆದ. ಸಲಿಕೆ ಸಿಗದವರು ಕೂತು ಅಂಗೈಯಲ್ಲಿ ತಟ್ಟತೊಡಗಿದರು. ಮತ್ತೆ ಹಾರನ್. ಮಣ್ಣಿನ ದಿಬ್ಬ ಮೊಣಕಾಲೆತ್ತರ ಬಂದಿತ್ತು. ಹತ್ತೂ ಜನ ತಲೆ ಎತ್ತದೆ ಅದಕ್ಕೆ ಮತ್ತಷ್ಟು ಮಣ್ಣು ಏರಿಸುತ್ತಲೇ ಇದ್ದರು.