ನೀರಿನ ಮಾತ್ರೆ

"ಏನೇ ಮುದುಕಿ, ಗಳಿಗೆಗೊಂದು ಸಲ ಉಚ್ಚೆ ಹೊಯ್ಯೋಕೆ ಇದೇನು ನಿಮ್ಮಪ್ಪನ ಮನೆ ಅಂದ್ಕೊಂಡಿದ್ದೀಯಾ?"

ಮೇಸ್ತ್ರಿ ಹೀಗೆ ಕೂಗಿದ್ದು ನನ್ನ ಅಕ್ಕನಿಗೆ. ಅವಳ ಮಗನಾಗುವಷ್ಟೂ ವಯಸ್ಸಿಲ್ಲ ಅವನಿಗೆ. ಅಕ್ಕ ಹಸಿ ಚಾದರಗಳ ಬುಟ್ಟಿ ಕೆಳಗಿಟ್ಟು, ತೊಡೆ ಬಿಗಿಹಿಡಿದು ನಿಂತಿದ್ದಳು.

ದೊಡ್ಡ ಹೋಟೆಲುಗಳ ಚಾದರ, ಟವೆಲ್ಲು ಬಂದು ಬೀಳುವ ಲಾಂಡ್ರಿ ಇದು. ಒಗೆಯುವುದು ಯಂತ್ರ. ಹೊತ್ತು, ಕೊಡವಿ, ಇಸ್ತ್ರಿ ಹಾಕಿ ಮಡಿಸುವವರು ನಾವು ಹೆಂಗಸರು. ಮುಕ್ಕಾಲು ಪಾಲು ಮುದುಕಿಯರೇ. ವಯಸ್ಸಿನ ಹುಡುಗಿಯರು ಈ ಕಾವಿಗೆ ನಿಲ್ಲುವುದಿಲ್ಲ, ನಮ್ಮನ್ನು ಬೇರೆಯವರು ಕರೆಯುವುದಿಲ್ಲ. ಕಕ್ಕಸಿಗೆ ಬೀಗ, ಬೀಗದ ಕೈ ಮೇಸ್ತ್ರಿಯ ಸೊಂಟದಲ್ಲಿ. ತೆಗೆಯುವುದು ಊಟದ ಹೊತ್ತಿಗೆ ಮಾತ್ರ. ಬೇರೆ ಹೊತ್ತಲ್ಲಿ ಕೇಳಿದರೆ, "ಒಳಗೆ ಹೋಗಿ ಸುಮ್ನೆ ಕೂತ್ಕೋತೀರ, ನಂಗೊತ್ತಿಲ್ವಾ?" ಎನ್ನುತ್ತಾನೆ, ಬೋಳಿಮಗ.

ಅಕ್ಕನಿಗೆ ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು. ಈಗ ಹೃದಯವೂ ಸೋತಿದೆ. ಕಾಲಲ್ಲಿ, ಹೊಟ್ಟೆಯಲ್ಲಿ ನಿಂತ ನೀರು ಇಳಿಯಲಿ ಎಂದು ಕೊಟ್ಟದ್ದು ನೀರಿನ ಮಾತ್ರೆ. ಅದನ್ನು ನುಂಗಿದರೆ ಬೆಳಿಗ್ಗೆಯಿಡೀ ಕಕ್ಕಸಿಗೆ ಓಡಬೇಕು. ಅದಕ್ಕೇ ಲಾಂಡ್ರಿ ಹೆಂಗಸರದ್ದೊಂದು ಪದ್ಧತಿ: ನೀರಿನ ಮಾತ್ರೆ ರಜದ ದಿನ ಮಾತ್ರ. ಕೆಲಸದ ದಿನ ಬಾಯಿಗೆ ಹನಿ ನೀರೂ ಹಾಕದೆ ಬರುವುದು. ನನಗೂ ಬಿಪಿ, ನಾನೂ ಹಾಗೇ. ಅಕ್ಕ ಇನ್ನೂ ಜಾಣೆ! ವಾರವೆಲ್ಲ ಬಿಟ್ಟ ಮಾತ್ರೆಗಳನ್ನು ಹೋದ ರಜದ ದಿನ ಒಟ್ಟಿಗೇ ನುಂಗಿ, ಬಚ್ಚಲಲ್ಲಿ ತಲೆ ತಿರುಗಿ ಬಿದ್ದಳು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಚೆನ್ನಾಗಿ ಬೈದರು. "ದಿನಾ ಒಂದೊಂದೇ ತಗೋಬೇಕಮ್ಮ. ಬಿಟ್ರೆ ಎದೆಗೂಡಲ್ಲಿ ನೀರು ತುಂಬ್ಕೊಳುತ್ತೆ. ಮಲಗಿದಲ್ಲೇ ಉಸಿರು ಕಟ್ಟಿ ಹೋಗ್ತೀರ."

"ನುಂಗಿದ್ರೆ ಕೆಲಸ ಹೋಗುತ್ತಲ್ಲಾ ತಾಯಿ," ಎಂದಳು ಅಕ್ಕ.

ಡಾಕ್ಟರಮ್ಮ ಮುಂದಿನವರನ್ನು ಕರೆದರು.

ಇವತ್ತು ಬೆಳಿಗ್ಗೆ ಅಕ್ಕ ನನ್ನೆದುರಿಗೇ ಮಾತ್ರೆ ನುಂಗಿದಳು. "ಸಾಯೋದಕ್ಕಿಂತ ಬೈಸ್ಕೊಳ್ಳೋದು ವಾಸಿ ಕಣೇ."

ಈಗ ನೋಡಿದರೆ ಈ ಮೇಸ್ತ್ರಿ ಬೀಗದ ಕೈ ಬಿಚ್ಚುತ್ತಿಲ್ಲ.

"ನಿನ್ನ ಕಾಲಿಗೆ ಬೀಳ್ತೀನಪ್ಪ. ಮಾತ್ರೆ ನುಂಗಿದ್ದೀನಿ, ತಡೆಯೋಕಾಗ್ತಿಲ್ಲ."

"ಯಾರು ನುಂಗು ಅಂದ್ರು ನಿಂಗೆ? ರೋಗಿಷ್ಟ ಮುಂಡೇವು, ಮನೇಲಿ ಬಿದ್ದಿರೋಕೇನು? ಬೀದಿಗೆ ಹೋಗಿ ಹೊಯ್ಕೋ. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ಗಲಾಟೆ ಕೇಳಿ ಮಾಲೀಕರು ಮಹಡಿಯಿಂದ ಇಳಿದುಬಂದರು. ಅಕ್ಕನ ವಯಸ್ಸಿನವರೇ, ಕೆನ್ನೆ ಮಾತ್ರ ಇನ್ನೂ ಮಿರಿಮಿರಿ ಮಿಂಚುತ್ತದೆ. ವಿಷಯ ಕೇಳಿ ನಕ್ಕರು.

"ನನಗೂ ಶುಗರು, ಬಿಪಿ, ಹಾರ್ಟು ಎಲ್ಲಾ ಇದೆಯಮ್ಮ. ಇದೇ ನೀರಿನ ಮಾತ್ರೆ ನಾನೂ ತಗೋತೀನಿ. ಹೀಗೆ ಅಳ್ತಾ ಕೂತಿದ್ದೀನಾ? ಬೆಳಿಗ್ಗೆ ಎದ್ದು ವಾಕಿಂಗ್ ಮಾಡಿ, ಹೊತ್ತುಹೊತ್ತಿಗೆ ತಿನ್ನಿ. ಎಲ್ಲಾ ಮನಸ್ಸಲ್ಲಿರುತ್ತೆ."

ನನ್ನ ಮೈಯೆಲ್ಲ ಉರಿದುಹೋಯಿತು. ಅಕ್ಕ ದಿನವಿಡೀ ಬುಟ್ಟಿ ಹೊತ್ತು ತಿರುಗುವುದು ಇವರ ಕಣ್ಣಿಗೆ ವಾಕಿಂಗ್ ಅಲ್ಲವಂತೆ!

"ನೀವು ಎಲ್ಲಿಗೆ ಹೋಗ್ತೀರಾ ಸಾರ್, ಮಾತ್ರೆ ನುಂಗಿದ್ಮೇಲೆ?" ಎಂದು ಕೇಳಿಯೇಬಿಟ್ಟೆ.

"ಮೇಲೆ ನನ್ನ ರೂಮಲ್ಲೇ ಇದೆಯಲ್ಲಾ..."

ಅಕ್ಕ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಗೋಡೆ ಹಿಡಿದು, ಊದಿದ ಕಾಲೆಳೆಯುತ್ತ ಮೆಟ್ಟಿಲು ಹತ್ತತೊಡಗಿದಳು. ಮೇಸ್ತ್ರಿ ಅವಳ ಸೆರಗಿಗೆ ಕೈಹಾಕಲು ಓಡಿದ. ನಾನು ಕಾದ ಇಸ್ತ್ರಿಪೆಟ್ಟಿಗೆ ಹಿಡಿದು ಅಡ್ಡ ನಿಂತೆ.

"ಬಾರೋ, ನಿನ್ನ ಮೂತಿಗೂ ಒಂದು ಇಸ್ತ್ರಿ ಹಾಕ್ತೀನಿ!"

ಅವನು ಹಿಂದೆ ಸರಿದ. ಮಡಿಸುವ ಮೇಜಿನಿಂದ ಒಬ್ಬಳು ಎದ್ದು ಬಂದಳು. "ನಂಗೂ ಅವಸರ ಕಣೇ," ಎಂದು ಅಕ್ಕನ ಹಿಂದೆ ಹತ್ತಿದಳು. ಅವಳ ಹಿಂದೆ ಇನ್ನೊಬ್ಬಳು. ನೋಡನೋಡುತ್ತ ಮೆಟ್ಟಿಲಿಡೀ ಹೆಂಗಸರೇ ಹೆಂಗಸರು. ನಾಳೆ ಕೆಲಸ ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಮೇಲೆ ಚಿಲಕ ಬಿದ್ದ ಸದ್ದು ಕೇಳಿತು. ಮಾಲೀಕರು ನಮ್ಮನ್ನು ತಳ್ಳಿಕೊಂಡು ಹತ್ತಿದರು. ನಾನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಅವರ ಬೆನ್ನಿಗೇ ಹೋದೆ.

"ಆಚೆ ಬಾರೇ! ಪೊಲೀಸರನ್ನ ಕರೆಸ್ತೀನಿ!" ಬಾಗಿಲು ಬಡಿದರು.

"ಇನ್ನೂ ಬರ್ತಾ ಇದೆ ಸಾರ್," ಎಂದಿತು ಅಕ್ಕನ ದನಿ.

ಅವರು ಮತ್ತೆ ಬಡಿದರು. ಆಮೇಲೆ ಬಡಿಯುವುದು ನಿಂತಿತು. ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕಿದರು, ಬೆಲ್ಟು ಹಿಡಿದುಕೊಂಡರು. ಹಣೆಯಲ್ಲಿ ಬೆವರು ಕಿತ್ತುಕೊಂಡಿತು.

"ಬೇಗ ಬಾಮ್ಮ," ಎಂದರು. "ನಾನೂ ಬೆಳಿಗ್ಗೆ ತಗೊಂಡಿದ್ದೀನಿ." ಕೆಳಗೆ ತಿರುಗಿ ಕೂಗಿದರು, "ಲೋ ಮೇಸ್ತ್ರಿ, ಕೆಳಗಿನ ಕಕ್ಕಸಿನ ಬೀಗ ತೆಗೆಯೋ!"

ಅವರು ಇಳಿಯಲು ಮೆಟ್ಟಿಲಲ್ಲಿ ಯಾರೂ ದಾರಿ ಬಿಡಲಿಲ್ಲ.

ಚಿಲಕ ತೆಗೆದ ಸದ್ದಾಯಿತು. ಅಕ್ಕ ಸೀರೆ ಸರಿಮಾಡಿಕೊಂಡು, ಅವಸರವಿಲ್ಲದೆ ಹೊರಗೆ ಬಂದಳು. ಮಾಲೀಕರು ನುಗ್ಗುವಷ್ಟರಲ್ಲಿ ಮುಂದಿನವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.